ಎಂ33: ಯುವಿಯಲ್ಲಿ (ನೇರಳಾತೀತ ಬೆಳಕಿನಲ್ಲಿ) ಹೊಳೆಯುವ ನಕ್ಷತ್ರಗುಂಪು ಎಚ್-ಆಲ್ಫಾದಲ್ಲಿ ಯಾಕೆ ಕಾಣುತ್ತಿಲ್ಲ?

ತುಂಗಾತೀರ:
ಎಂಎಸ್ಸಿ ಪ್ರಾಜೆಕ್ಟ್‌ಗೆ ಎಂ33 ಗೆಲಾಕ್ಸಿ ತೆಗೆದುಕೊಂಡಿದ್ದೇನೆ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಯುವಿ ದೂರದರ್ಶಕ ಯುವಿಐಟಿಯ ಚಿತ್ರದ ಮೇಲೆ ಎಚ್-ಆಲ್ಫಾ (ಹೈಡ್ರೋಜನ್‌ನ ಕೆಂಪು ಬೆಳಕಿನ) ಚಿತ್ರ ಇಟ್ಟು ನೋಡಿದೆ. ಅಲ್ಲಿನ ನಕ್ಷತ್ರ ಹುಟ್ಟುವ ದೊಡ್ಡ ಮೋಡ ಎನ್‌ಜಿಸಿ 604 ಎರಡರಲ್ಲೂ ಜೋರಾಗಿ ಹೊಳೆಯುತ್ತದೆ. ಆದರೆ ತೋಳಿನ ಅಂಚಲ್ಲಿರುವ ಕೆಲವು ಗುಂಪುಗಳು ಯುವಿಯಲ್ಲಿ ಮಾತ್ರ ಇವೆ. ಜೋಡಣೆ ತಪ್ಪಿದೆಯಾ? ಗೈಡ್ ಬೇರೆ, ನಾಸಾದ ಹಳೆಯ ಯುವಿ ದೂರದರ್ಶಕ ಗ್ಯಾಲೆಕ್ಸ್‌ನ ಡೇಟಾನೇ ಸಾಕು ಅಂತಾರೆ.

ಲೆನ್ಸ್‌ಮನೆ:
ಗಾಯಾ ಉಪಗ್ರಹದ ಪಟ್ಟಿಯ ನಕ್ಷತ್ರಗಳ ಜೊತೆ ಸ್ಥಾನ ತಾಳೆ ನೋಡಿ.

ಕತ್ತಲಕೋಣೆ:
ಅದನ್ನೂ ನೋಡಿ. ಆದರೆ 604 ಸರಿಯಾಗಿ ಕೂತಿದ್ದರೆ ಜೋಡಣೆಯ ಮೇಲೆ ನನಗೆ ಅನುಮಾನವಿಲ್ಲ. ನಾನು ಇದೇ ಡೇಟಾ ಉಜ್ಜುತ್ತಾ ಕೂರುವವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ಎಚ್-ಆಲ್ಫಾ ಬರಬೇಕಾದರೆ ಸುತ್ತಲಿನ ಹೈಡ್ರೋಜನ್ ಅಯಾನಾಗಬೇಕು. ಆ ತಾಕತ್ತು ಇರುವುದು ಅತಿ ಬಿಸಿಯ, ಭಾರೀ ಓ ವರ್ಗದ ನಕ್ಷತ್ರಗಳಿಗೆ ಮತ್ತು ಅದರ ನಂತರದ ಬಿ ವರ್ಗದಲ್ಲಿ ತೀರಾ ಬಿಸಿಯಾದವಕ್ಕೆ. ಗುಂಪು ಹುಟ್ಟಿ ಸುಮಾರು 1 ಕೋಟಿ ವರ್ಷ ಕಳೆಯುವಷ್ಟರಲ್ಲಿ ಅವುಗಳ ಕಥೆ ಬಹುತೇಕ ಮುಗಿದಿರುತ್ತದೆ. ಉಳಿದ ಬಿ ನಕ್ಷತ್ರಗಳು ಸುಮಾರು 10 ಕೋಟಿ ವರ್ಷದವರೆಗೂ ಯುವಿ ಕೊಡುತ್ತವೆ. ಹಾಗಾಗಿ ನಿಮ್ಮ ಗುಂಪುಗಳಿಗೆ ಸ್ವಲ್ಪ ವಯಸ್ಸಾಗಿರಬಹುದು. ಗುಂಪು ತುಂಬಾ ಚಿಕ್ಕದಾದರೆ ಓ ನಕ್ಷತ್ರವೇ ಹುಟ್ಟದೆಯೂ ಇರಬಹುದು, ಸುಮ್ನೆ ಅದೃಷ್ಟ. ಇದನ್ನು ದೋಷ ಅಂತ ಅಳಿಸಬೇಡಿ, ಪ್ರಾಜೆಕ್ಟ್‌ನ ಒಳ್ಳೆಯ ಭಾಗವೇ ಇದು.

ಗ್ಯಾಲೆಕ್ಸ್ ವಿಷಯ. ಅದರ ಕನ್ನಡಿ 50 ಸೆಂ.ಮೀ., ಯುವಿಐಟಿಯದು 37.5. ಆದರೂ ಗ್ಯಾಲೆಕ್ಸ್ ಸುಮಾರು 5 ಆರ್ಕ್‌ಸೆಕೆಂಡ್‌ಗೆ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಮಸುಕಾಗುತ್ತದೆ, ನಮ್ಮದು 1.5ರ ಆಸುಪಾಸು. ಎಂ33 ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರ. ಅಲ್ಲಿ 5 ಅಂದರೆ 65 ಜ್ಯೋತಿರ್ವರ್ಷ, 1.5 ಅಂದರೆ 20. ಅಕ್ಕಪಕ್ಕದ ಎರಡು ಗುಂಪು ಗ್ಯಾಲೆಕ್ಸ್‌ನಲ್ಲಿ ಒಂದೇ ಮುದ್ದೆ, ಅಲ್ವಾ? ಇಡೀ ಗೆಲಾಕ್ಸಿಯ ಲೆಕ್ಕಕ್ಕೆ ಮಾತ್ರ ಗ್ಯಾಲೆಕ್ಸ್ ವಾಸಿ. ಎಂ33 ಪೂರ್ತಿ ಒಂದೇ ಚೌಕಟ್ಟಿಗೆ ಬರುತ್ತದೆ. ಯುವಿಐಟಿ ಚೌಕಟ್ಟು ಬರೀ 28 ಆರ್ಕ್‌ಮಿನಿಟ್ (ಅರ್ಧ ಡಿಗ್ರಿಗೂ ಕಡಿಮೆ), ತೇಪೆ ಹಾಕಬೇಕು.

ಬ್ಯಾಲಾಳುವಿನ ಇಸ್ರೋ ಡೇಟಾ ಕೇಂದ್ರದಿಂದ ಇಳಿಸಿಕೊಳ್ಳುವಾಗ ದಿನಾಂಕ ಗಮನಿಸಿ. 2018ರಲ್ಲಿ ಯುವಿಐಟಿಯ ಸಮೀಪ-ಯುವಿ (ಉದ್ದ ತರಂಗದ ಯುವಿ) ಚಾನೆಲ್ ಕೆಟ್ಟಿತು. ಆಮೇಲಿನದಕ್ಕೆ ದೂರ-ಯುವಿ ಮಾತ್ರ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಮೇಡಂ. ಧೂಳಿನ ಲೆಕ್ಕಕ್ಕೆ ಸ್ಪಿಟ್ಜರ್ ಅವಕೆಂಪು ದೂರದರ್ಶಕದ 24 ಮೈಕ್ರಾನ್ ಚಿತ್ರ ಬಳಸಲಾ? ಅದರ ಮಸುಕು 6 ಆರ್ಕ್‌ಸೆಕೆಂಡ್, ಯುವಿಐಟಿಯ 1.5 ಇದ್ದೂ ವ್ಯರ್ಥ ಅಲ್ವಾ?

ಕತ್ತಲಕೋಣೆ:
ಬಳಸಿ. ಧೂಳು ಯುವಿಯನ್ನು ನುಂಗುತ್ತದೆ, ಬಿಟ್ಟರೆ ನಕ್ಷತ್ರ ಹುಟ್ಟುವ ದರ ಕಡಿಮೆ ಬರುತ್ತದೆ. ದರ ಲೆಕ್ಕ ಹಾಕುವಾಗ ಯುವಿ ಚಿತ್ರವನ್ನೂ 6ಕ್ಕೆ ಮಸುಕು ಮಾಡಿ. ಗುಂಪುಗಳನ್ನು ಗುರುತಿಸಿ ಎಣಿಸುವುದು ಮಾತ್ರ ಮೂಲ ಚಿತ್ರದಲ್ಲೇ.