ಪದಚರ್ಚೆ: ‘ಲಾಸ್ಟ್ ಟು ಫಾಲೋಅಪ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬೈನಲ್ಲಿ ಒಂದು ದೀರ್ಘಕಾಲದ ಆರೋಗ್ಯ ಅಧ್ಯಯನದ ಒಪ್ಪಿಗೆ ಪತ್ರವನ್ನ ಕನ್ನಡಕ್ಕೆ ಮಾಡ್ತಾ ಇದೀನಿ, ಓದೋರು ಹೆಚ್ಚಾಗಿ ಡೊಂಬಿವಲಿ, ಮುಲುಂಡ್ ಕಡೆಯ ವಯಸ್ಸಾದ ಕನ್ನಡಿಗರು, ಹಾಗಾಗಿ ಪದ ಸರಿಯಾಗಿ ಕೂರ್ಲೇಬೇಕು.

ಇಂಥ ಅಧ್ಯಯನದಲ್ಲಿ ವರ್ಷಗಟ್ಟಲೆ ಜನರ ಆರೋಗ್ಯ ವಿಚಾರಿಸ್ತಾ ಇರ್ತಾರೆ, ನಡುವೆ ಮನೆ ಬಿಟ್ಟು, ಫೋನ್ ನಂಬರ್ ಬದಲಾಗಿ ಸಿಗದೇ ಹೋದವ್ರ ಹೆಸರನ್ನ ಮರಣ ದಾಖಲೆ ಜೊತೆ ತಾಳೆ ನೋಡ್ತಾರೆ. ಅಲ್ಲೂ ಸಿಗದೆ, ಏನಾದ್ರು ಅಂತ ಗೊತ್ತಾಗದವ್ರನ್ನೇ ‘ಲಾಸ್ಟ್ ಟು ಫಾಲೋಅಪ್’ ಅನ್ನೋದು. ಅಮೆರಿಕದಲ್ಲಿ ಇದಕ್ಕೆ ನ್ಯಾಷನಲ್ ಡೆತ್ ಇಂಡೆಕ್ಸ್ ಅಂತ ಇದೆ, 1979ರಿಂದ ಈಚಿನ ಎಲ್ಲ ರಾಜ್ಯಗಳ ಸಾವೂ ಒಂದೇ ಕಡೆ ಸಿಗುತ್ತೆ. ನಮ್ಮ ಮುಂಬೈನಲ್ಲೂ 1991ರಲ್ಲಿ ಶುರುವಾದ ತಂಬಾಕಿನ ಅಧ್ಯಯನ, ಮುಂಬೈ ಕೊಹೊರ್ಟ್ ಸ್ಟಡಿ, ಮತದಾರರ ಪಟ್ಟಿ ಹಿಡಿದು 35 ದಾಟಿದ ಸುಮಾರು ಒಂದೂವರೆ ಲಕ್ಷ ಜನರನ್ನ ಸೇರಿಸ್ಕೊಂಡು, ಆಮೇಲೆ ಮತ್ತೆ ಮನೆಮನೆಗೆ ಹೋಗಿ ವಿಚಾರಿಸಿ, ತೀರಿಕೊಂಡವ್ರ ಸಾವಿನ ಕಾರಣವನ್ನ ಪಾಲಿಕೆ ದಾಖಲೆಯಿಂದ ತೆಗೀತು.

ಹೀಗೆ ಎಲ್ಲೂ ಸಿಗದವ್ರಿಗೆ ಕನ್ನಡದಲ್ಲಿ ಏನನ್ನೋದು? ‘ಕಾಣೆಯಾದವರು’ ಅಂದ್ರೆ ಪೊಲೀಸ್ ಪ್ರಕಟಣೆ ಥರ ಆಗುತ್ತೆ. ‘ಬಿಟ್ಟು ಹೋದವರು’ ಅಂತ ಒಬ್ರು ಸೂಚಿಸಿದ್ರು, ಅದಂತೂ ಬೇಡವೇ ಬೇಡ, ತಾವಾಗೇ ಅಧ್ಯಯನ ಬಿಟ್ರು ಅಂತಲೂ ಆಗುತ್ತೆ, ನಮ್ಮನ್ನೆಲ್ಲ ಬಿಟ್ಟು ಹೋದ್ರು ಅಂದ್ರೆ ಸತ್ರು ಅಂತಲೂ ಆಗುತ್ತೆ. ಇಲ್ಲಿ ಗೊತ್ತಿಲ್ಲದೇ ಇರೋದೇ ಅದು, ಬದುಕಿದಾರಾ ಇಲ್ವಾ ಅನ್ನೋದು. ನಂಗೆ ‘ಸಂಪರ್ಕ ತಪ್ಪಿದವರು’ ಸರಿ ಅನ್ಸುತ್ತೆ.

ಮರಣ ದಾಖಲೆಯಲ್ಲಿ ಹೆಸರಿಲ್ಲ ಅಂತ ‘ಜೀವಂತ’ ಅಂತ ಬರ್ಕೊಳ್ಳೋದೂ ತಪ್ಪು. 1969ರ ಜನನ-ಮರಣ ನೋಂದಣಿ ಕಾನೂನಿನ ಪ್ರಕಾರ ಸಾವು ಎಲ್ಲಿ ಆಯ್ತೋ ಅಲ್ಲೇ ನೋಂದಣಿ, ರಿಟೈರಾಗಿ ಊರಿಗೆ ಹೋಗಿ ಕಾರ್ಕಳದಲ್ಲೋ ಕುಂದಾಪುರದಲ್ಲೋ ತೀರಿಕೊಂಡವ್ರು ಮುಂಬೈ ಪಾಲಿಕೆ ದಾಖಲೇಲಿ ಇರಲ್ಲ. ಇಂಥವ್ರನ್ನೆಲ್ಲ ಬದುಕಿದಾರೆ ಅಂತ ಎಣಿಸಿದ್ರೆ ಸಾವಿನ ಪ್ರಮಾಣ ನಿಜಕ್ಕಿಂತ ಕಡಿಮೆ ಕಾಣುತ್ತೆ. 2023ರ ತಿದ್ದುಪಡಿ ರಾಷ್ಟ್ರಮಟ್ಟದ ಡೇಟಾಬೇಸ್‌ಗೆ ದಾರಿ ಮಾಡಿದೆ, ಆದ್ರೆ ಹೆಸರಿನ ತೊಡಕು ಇದ್ದೇ ಇರುತ್ತೆ, ಊರಲ್ಲಿ ಇನಿಷಿಯಲ್ ಹಾಕೋರು ಇಲ್ಲಿಯ ಕಾಗದಪತ್ರದಲ್ಲಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಅಡ್ಡಹೆಸರು ಅಂತ ಆಗಿರ್ತಾರೆ. ಅದಕ್ಕೇ ‘ದಾಖಲೆ ಸಿಕ್ಕಿಲ್ಲ’ ಅಂತ ಬೇರೆ ಕಾಲಂ ಇರ್ಲಿ ಅಂತ ಹೇಳಿದೀನಿ.

ಇನ್ನೊಂದು ಪ್ರಶ್ನೆ, ನಂಗೆ ಇದೇ ಹೆಚ್ಚು ಕಷ್ಟ. ಎದುರಿಗೆ ಕೂತ ದೊಡ್ಡವ್ರಿಗೆ ಸಾವಿನ ಪಟ್ಟೀಲಿ ನಿಮ್ಮ ಹೆಸರು ಹುಡುಕ್ತೀವಿ ಅಂತ ಹೇಗೆ ಹೇಳೋದು? ಉಯಿಲಲ್ಲಿ ಬರೆಯೋ ‘ಕಾಲಾನಂತರ’ ಮರ್ಯಾದೆಯ ಮಾತೇ, ಆದ್ರೆ ‘ನಿಮ್ಮ ಕಾಲಾನಂತರ ದಾಖಲೆ ನೋಡುತ್ತೇವೆ’ ಅಂದ್ರೆ ಅರ್ಥ ಕೆಡುತ್ತೆ, ತೀರಿಕೊಂಡಿದಾರಾ ಅಂತ ತಿಳಿಯೋಕೇ ನೋಡೋದಲ್ವಾ. ಬರೀ ‘ಸರ್ಕಾರಿ ದಾಖಲೆ’ ಅಂತ ಬರೆದ್ರೆ ವಿಷಯ ಮುಚ್ಚಿಟ್ಟ ಹಾಗೆ, ಅದಕ್ಕೆ ಸಹಿ ಹಾಕಿಸ್ಕೊಳ್ಳೋದು ನ್ಯಾಯ ಅಲ್ಲ. ಸದ್ಯಕ್ಕೆ ನಾನು ಬರೆದಿರೋದು: ‘ಮುಂದೆ ನಿಮ್ಮ ಸಂಪರ್ಕ ತಪ್ಪಿದರೆ, ಜನನ-ಮರಣ ನೋಂದಣಿಯ ಮರಣ ದಾಖಲೆಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೋಡಲು ಒಪ್ಪಿಗೆ ಕೊಡುತ್ತೀರಾ?’ ನಿಮ್ಮ ಮನೆಯ ಹಿರಿಯರಿಗೆ ಇದನ್ನ ಓದಿ ಹೇಳಿ, ಎಲ್ಲಿ ತಡೆದ್ರು, ಯಾವ ಪದಕ್ಕೆ ಮುಖ ಸಣ್ಣ ಮಾಡ್ಕೊಂಡ್ರು ಅಂತ ತಿಳಿಸ್ತೀರಾ?