ಸಹಾಯ ಬೇಕು: ಲ್ಯಾಪ್ರೊಸ್ಕೋಪಿ ವಿಡಿಯೋ ರೆಕಾರ್ಡಿಂಗ್ (ಬೆಂಗಳೂರು)

ಹೊಟ್ಟೆಯೊಳಗೆ ಕ್ಯಾಮೆರಾ ಕೊಳವೆ (ಸ್ಕೋಪ್) ಇಳಿಸಿ ಪಿತ್ತಕೋಶ ತೆಗೆಯುವ ಆಪರೇಷನ್‌ಗಳ ವಿಡಿಯೋ ಇಟ್ಟುಕೊಂಡು ಸರ್ಜನ್‌ಗಳೆಲ್ಲ ಕೂತು ಚರ್ಚಿಸುವ ವ್ಯವಸ್ಥೆ ಮಾಡುತ್ತಿದ್ದೇವೆ. ನಾಳ ಮುಚ್ಚುವ ಕ್ಲಿಪ್ ಹಾಕುವ ಮುಂಚಿನ ನೋಟವೇ ಮುಖ್ಯ: ಪಿತ್ತಕೋಶದ ನಾಳ, ಲಿವರ್‌ನ ಪಿತ್ತನಾಳ, ಲಿವರ್ ಅಂಚು ಇವುಗಳ ನಡುವಿನ ತ್ರಿಕೋನದ ಕೊಬ್ಬು, ನಾರು ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬೇರ್ಪಟ್ಟಿರಬೇಕು, ಪಿತ್ತಕೋಶಕ್ಕೆ ಸೇರುವುದು ಒಂದು ನಾಳ, ಒಂದು ರಕ್ತನಾಳ, ಎರಡೇ ಎಂದು ಕಾಣಬೇಕು. ಹಾಳಾದ್ದು, ಅಲ್ಲೇ ರೆಕಾರ್ಡಿಂಗ್ ತುಂಡಾಗುತ್ತದೆ! ಸೆಕೆಂಡಿಗೆ 10 ಮೆಗಾಬಿಟ್ (10 ಎಂಬಿಪಿಎಸ್) ಬಿಟ್‌ರೇಟ್‌ಗೆ ಗಂಟೆಗೆ 4.5 ಜಿಬಿ, ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್ 32 ಆದ್ದರಿಂದ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದರೆ ರೆಕಾರ್ಡರ್ ಗುರುತಿಸುತ್ತಿಲ್ಲ. ಬಿಟ್‌ರೇಟ್ ಇಳಿಸಿದರೆ, ಅಂಗಾಂಶ ಸುಡುವಾಗ ಏಳುವ ಹೊಗೆಯಲ್ಲಿ ಚಿತ್ರ ಒಡೆಯುತ್ತದೆ.

ಇನ್ನೊಂದು, ಲೆನ್ಸ್ ಒರೆಸಲು ಸ್ಕೋಪ್ ಹೊರತೆಗೆದಾಗ ಮುಖಗಳು, ಬೋರ್ಡಿನ ಮೇಲಿನ ರೋಗಿಯ ಹೆಸರು ಎಲ್ಲ ಸೆರೆಯಾಗುತ್ತವೆ. ಅಂಥ ದೃಶ್ಯಗಳನ್ನು ತಾನೇ ಮಸುಕಾಗಿಸುವ, ಇಂಟರ್ನೆಟ್ ಇಲ್ಲದೆ ನಡೆಯುವ ಸಾಫ್ಟ್‌ವೇರ್ ಯಾರಾದರೂ ಬಳಸಿದ್ದೀರಾ? ರೆಕಾರ್ಡಿಂಗ್‌ಗೆ ಪ್ರತ್ಯೇಕ ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಅದನ್ನೂ ಹಂಚಿಕೊಳ್ಳಿ.