ಎರಡೂ ಕಣ್ಣಿಗೆ ಪೊರೆ, ದುಡ್ಡು ಕೇಳಿರುವುದು ಒಂದೇ ಕಣ್ಣಿಗೆ. ಯಾಕೆ?

ಬೆಳ್ಮುಗಿಲು:
ಹತ್ತಾರು ಜನರಿಂದ ಚೂರುಪಾರು ದುಡ್ಡು ಸೇರಿಸಿ ಕಣ್ಣಿನ ಆಪರೇಷನ್ ಮಾಡಿಸುವ ಒಂದು ಪೇಜ್ ನೋಡಿದೆ. ಒಬ್ಬ ಅಜ್ಜಿಗೆ ಎರಡೂ ಕಣ್ಣಿನಲ್ಲಿ ಪೊರೆಯಂತೆ. ಕೇಳಿರುವುದು ಮಾತ್ರ ಒಂದು ಕಣ್ಣಿನ ಖರ್ಚು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಪರೇಷನ್ ಈಗಾಗಲೇ ಆಗಿರಬಹುದು’ ಅಂತ ಬೇರೆ ಇದೆ. ಆಗಿದ್ದರೆ ನನ್ನ ದುಡ್ಡು ಯಾಕೆ?

ಗಾಳಿಪಟ:
ನನಗೂ ಇದೇ ಅನುಮಾನ. ಅಳು ಬರಿಸುವ ಫೋಟೋ ಹಾಕಿದರೆ ಜನ ಕೊಟ್ಟೇ ಕೊಡುತ್ತಾರೆ. ನಾನಂತೂ ಹಾಕಲ್ಲ.

ಥಿಯೇಟರ್ ಸಿಸ್ಟರ್:
ಕಣ್ಣಿನ ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ನಾನು. ಒಂದೇ ಕಣ್ಣು ಅನ್ನುವುದರಲ್ಲಿ ಮೋಸ ಇಲ್ಲ. ಸಾಮಾನ್ಯವಾಗಿ ಎರಡೂ ಕಣ್ಣನ್ನು ಒಂದೇ ದಿನ ಮುಟ್ಟುವುದಿಲ್ಲ. ಅಪರೂಪಕ್ಕೆ ಒಳಗೆ ಸೋಂಕಾದರೆ ಎರಡೂ ಒಟ್ಟಿಗೆ ಹೋಗಬಾರದು ಅಲ್ವಾ? ಮೊದಲನೆಯದು ವಾಸಿಯಾದ ಮೇಲೆ ಇನ್ನೊಂದು.

ಇನ್ನು ‘ಈಗಾಗಲೇ ಆಗಿರಬಹುದು’ ಅನ್ನುವುದು. ಕೆಲವು ಕಡೆ ಆಸ್ಪತ್ರೆಯೇ ಮೊದಲು ಆಪರೇಷನ್ ಮಾಡಿ, ಆಮೇಲೆ ಬಂದ ದುಡ್ಡನ್ನು ಆ ಖರ್ಚಿಗೆ ಹಿಡಿದುಕೊಳ್ಳುತ್ತದೆ. ಪೇಜ್‌ನಲ್ಲಿ ಕೇಳಿದಷ್ಟು ದುಡ್ಡು ಸೇರಲಿ ಅಂತ ಕಾಯಿಸಿದರೆ ಪೊರೆ ಬಲಿತು ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟ. ಹುಟ್ಟುತ್ತಲೇ ಪೊರೆ ಇರುವ ಮಗುವಿನ ವಿಷಯದಲ್ಲಿ ಕಾಯುವಂತೆಯೇ ಇಲ್ಲ. ಎಳವೆಯಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಮೆದುಳು ನೋಡುವುದನ್ನೇ ಸರಿಯಾಗಿ ಕಲಿಯುವುದಿಲ್ಲ. ಆಮೇಲೆ ಪೊರೆ ತೆಗೆದು ಕಣ್ಣೊಳಗೆ ಎಂಥ ಕೃತಕ ಲೆನ್ಸ್ ಹಾಕಿದರೂ ಪೂರ್ತಿ ದೃಷ್ಟಿ ಬರುವುದು ಅನುಮಾನ.

ಇಂಥ ಪೇಜ್‌ಗಳಲ್ಲಿ ಹಾಕುವ, ಪಟ್ಟಿ ಬಿಚ್ಚಿದಾಗ ನಗುವ ಫೋಟೋ ನನಗೂ ಅಷ್ಟಕ್ಕಷ್ಟೇ. ಎಷ್ಟೋ ಜನ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಾರೆ, ನೀರು ಸುರಿಯುತ್ತದೆ. ನಗು ಆಮೇಲಿನ ಮಾತು.

ನೀವು ಕೇಳಬೇಕಾದ್ದು ಬೇರೆ. ಡ್ರಾಪ್ಸ್, ಮರುತಪಾಸಣೆ, ಜೊತೆಗೆ ಬರುವವರ ಓಡಾಟ ಆ ಮೊತ್ತದಲ್ಲಿ ಸೇರಿದೆಯಾ? ಆಪರೇಷನ್ ಹತ್ತು-ಹದಿನೈದು ನಿಮಿಷದ ಕೆಲಸ. ಡ್ರಾಪ್ಸ್ ವಾರಗಟ್ಟಲೆ ಬಿಡಬೇಕು. ಕೈ ನಡುಗುವ ಅಜ್ಜಿ ಬಾಟಲಿ ಒತ್ತಿದರೆ ಹನಿ ಕೆನ್ನೆ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಒಬ್ಬರು ಬೇಕೇ ಬೇಕು.

ಬೆಳ್ಮುಗಿಲು:
ಹಾಗಾದರೆ ಲೆನ್ಸ್ ದುಬಾರಿ ಅಲ್ವಾ?

ಥಿಯೇಟರ್ ಸಿಸ್ಟರ್:
ಮೊದಲು ಇತ್ತು. ಮಧುರೈನಲ್ಲಿ 1976ರಲ್ಲಿ 11 ಹಾಸಿಗೆಯಿಂದ ಶುರುವಾದ ಅರವಿಂದ್ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ಕಟ್ಟಿ ತಾವೇ ಲೆನ್ಸ್ ಮಾಡತೊಡಗಿದರು. ಬೆಲೆ ಸರ್ರನೆ ಇಳಿಯಿತು. ಈಗ ಕಷ್ಟ ಇರುವುದು ಕಣ್ಣು ಕಾಣದವರನ್ನು ಹುಡುಕಿ ಆಸ್ಪತ್ರೆವರೆಗೆ ಕರೆತರುವುದರಲ್ಲಿ.

ಬೆಳ್ಮುಗಿಲು:
ಮೆಸೇಜ್ ಹಾಕಿ ಕೇಳಿದೆ. ಡ್ರಾಪ್ಸ್ ಸೇರಿದೆ, ಓಡಾಟ ಸೇರಿಲ್ಲವಂತೆ. ಎರಡನೇ ಕಣ್ಣಿಗೆ ಬೇರೆ ಪೇಜ್ ಬರುತ್ತದಂತೆ. ಈಗ ಅರ್ಧ ಹಾಕಿದ್ದೇನೆ, ಉಳಿದದ್ದು ಆಗ.

ಗಾಳಿಪಟ:
ಆ ಪೇಜ್ ಲಿಂಕ್ ನನಗೂ ಕಳಿಸಿ. ಓದಿ ನೋಡುತ್ತೇನೆ, ಅಷ್ಟೇ!